ಪಾದ್ರಿಗಳಿಗೆ ಗಾಳದ ಪಾಠ

ಬೇಡ, ಬೇಡ, ಪಾದ್ರಿಗಳೇ! ಆ ಗಿಡ್ಡ ಕೋಲು ಕೆಳಗಿಡಿ. ಅದು ಮಕ್ಕಳು ದಡದಲ್ಲಿ ಕೂತು ಆಡೋದಕ್ಕೆ. ನಿಮಗೆ ಈ ಉದ್ದದ್ದು. ಹಿಡಿದು ನೋಡಿ... ತುದಿ ಬಾಗಬೇಕು, ಬುಡ ಜಗ್ಗಬಾರದು. ಕೆರೆಯ ತಳದಿಂದ ಬಾಸ್ ಮೀನನ್ನ ಎಬ್ಬಿಸಬೇಕು ಅಂದ್ರೆ ಕೋಲಿಗೆ ಬೆನ್ನುಮೂಳೆ ಇರಬೇಕು.

ಯಾಕೆ ನಗ್ತೀರಿ? ಈ ಓಪಲ್ ಗ್ಯಾಸ್ಕಿನ್ಸ್ ಚರ್ಚಿನಲ್ಲಿ ಹಿಂದಿನ ಬೆಂಚು ಬಿಟ್ಟು ಏಳೋದಿಲ್ಲ, ದೋಣಿಯಲ್ಲಿ ಮಾತ್ರ ಬಾಯಿ ಮುಚ್ಚೋದಿಲ್ಲ ಅಂತಾನಾ? ಚರ್ಚು ನಿಮ್ಮದು, ಪಾದ್ರಿಗಳೇ. ದೋಣಿ ನನ್ನದು. ನನ್ನ ಗಂಡ ಹಾಯ್ಟ್ ಇರೋವರೆಗೂ ಅವನದಾಗಿತ್ತು. ಅವನು ಹೋದಮೇಲೆ ನನ್ನದು.

ಮಾತು ಕೊಟ್ಟಿದ್ದೀರಿ, ಮರೀಬೇಡಿ. ನಾನು ಹಾಯ್ಟನ ಗುಟ್ಟಿನ ಜಾಗ ತೋರಿಸಬೇಕು, ಅವನ ಹಾಗೆ ಗಾಳ ಕಟ್ಟೋದನ್ನೂ ಕಲಿಸಬೇಕು. ನೀವು ನಾಳೆ ಆರಾಧನೆ ಮುಗಿದಮೇಲೆ ಅವನ ಬೂದಿಯ ಭರಣಿಯನ್ನ ಮುಚ್ಚಳ ತೆರೆಯದೆ ಹಾಗೇ ಮಣ್ಣು ಮಾಡಬೇಕು. ಅಷ್ಟೇ. ನಾದಿನಿ ವರ್ಡೆಲ್ ಎಷ್ಟು ಅತ್ತರೂ ಸರಿ, ಎಷ್ಟು ಕೂಗಿದರೂ ಸರಿ. ಬೆಳ್ಳಿ ಡಬ್ಬಿ ಹಿಡಿದು ಜಾರ್ಜಿಯಾದಿಂದ ಬಂದು ಕೂತಿದ್ದಾಳೆ, ಅಣ್ಣನ ಬೂದಿಯಲ್ಲಿ ಅವಳಿಗೆ ಪಾಲು ಬೇಕಂತೆ! ಗಂಡ ಅಂದ್ರೆ ಸೇಬಿನ ಕಡುಬೇ, ಕೊಯ್ದು ಕೊಯ್ದು ಹಂಚೋದಕ್ಕೆ?

ಲಂಚ ಅಂತ ಯಾಕಂತೀರಿ... ಎಷ್ಟು ವರ್ಷದಿಂದ ಅವನ ಹಿಂದೆ ಬಿದ್ದಿದ್ರಿ, ಈ ಜಾಗ ತೋರಿಸು ಅಂತ! ಕೊನೆಗೆ ಅವನ ಹಾಸಿಗೆ ಪಕ್ಕ ಕೂತು ಪ್ರಾರ್ಥನೆ ಮಾಡ್ತಾ ಮಾಡ್ತಾ, "ಹಾಯ್ಟ್, ಆ ಮುಳುಗಿದ ರಸ್ತೆ ಯಾವ ದಿಕ್ಕಿಗಪ್ಪಾ?" ಅಂದದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತ್ತು. ಇನ್ನೂ ಆಮೆನ್ ಅಂದಿರಲಿಲ್ಲ ನೀವು!

ಸರಿ, ಸರಿ, ಕೆಂಪಗಾಗಬೇಡಿ. ಕೈ ನೀಡಿ. ಮೊದಲು ಈ ಸೀಸದ ಗುಂಡನ್ನ ದಾರಕ್ಕೆ ಪೋಣಿಸಿ. ಗಂಟು ಹಾಕಬಾರದು! ಅದು ದಾರದ ಮೇಲೆ ಜಾರ್ತಾ ಇರಬೇಕು. ಆಮೇಲೆ ಈ ಗಾಜಿನ ಮಣಿ. ಗುಂಡು ಬಡಿದು ಬಡಿದು ಗಂಟು ಸವೀಬಾರದು ಅಂತ. ಮಣಿಗೆ ಗುಂಡು ತಾಗಿ ಟಿಕ್ ಟಿಕ್ ಅಂದ್ರೆ ಮೀನಿಗೂ ಕುತೂಹಲ. ಈಗ ತಿರುಗೋ ಕೊಂಡಿ, ಇಲ್ಲಿ ಗಂಟು. ಕೊಂಡಿಯ ಆ ಕಡೆಗೆ ಒಂದು ತೋಳುದ್ದ ಬೇರೆ ದಾರ, ಅದರ ತುದಿಗೆ ಕೊಕ್ಕೆ. ಆಯ್ತು! ನಮ್ಮ ಕೆರೋಲಿನಾದವರು ಗಾಳ ಕಟ್ಟೋದು ಹೀಗೆ. ಭಾರ ತಳ ಉಜ್ಜುತ್ತಾ ಮುಂದೆ ಹೋಗುತ್ತೆ, ಕೊಕ್ಕೆಗೆ ಚುಚ್ಚಿದ ಎರೆ ಹಿಂದೆ ತೇಲ್ತಾ ಬರುತ್ತೆ. ವರ್ಡೆಲ್ ಹಿಂದೆ ಅವಳ ಗಂಡ ಬರ್ತಾನಲ್ಲ, ಅದೇ ಥರ.

ಆ ಎರೆಯ ಪೊಟ್ಟಣ ಬೇಡ, ಅಂಗಡಿಯದು. ಕಾಫಿ ಡಬ್ಬಿಯಲ್ಲಿ ನಾನೇ ಎರಕ ಹೊಯ್ದ ರಬ್ಬರ್ ಹಲ್ಲಿಗಳಿವೆ, ಅದರಲ್ಲಿ ಒಂದು ತಗೊಳ್ಳಿ. ಮೆಲ್ಲಗೆ! ಬಾಲ ಹಿಡಿದು ಎಳೀಬೇಡಿ, ಪಾದ್ರಿಗಳೇ, ಮರ್ಯಾದೆಯಿಂದ ಎತ್ತಿಕೊಳ್ಳಿ. ಬೂದು ಬಣ್ಣ ಯಾಕೆ ಅಂದ್ರೆ... ಈ ಕೆರೆಯ ಮೀನಿಗೆ ಬೂದು ಅಂದ್ರೆ ಇಷ್ಟ. ಮೂತಿಯಿಂದ ಚುಚ್ಚಿ, ಕತ್ತಿನ ಹತ್ತಿರ ಹೊರಗೆ ತೆಗೆದು, ಮೊನೆಯನ್ನ ಮತ್ತೆ ಹೊಟ್ಟೆಯೊಳಗೆ ಮರೆ ಮಾಡಿ. ಮೊನೆ ಹೊರಗಿದ್ರೆ ಮರದ ಬೊಡ್ಡೆಗೆ ಸಿಕ್ಕಿಹಾಕಿಕೊಳ್ಳುತ್ತೆ. ನಾನು ಆ ಕಡೆ ತಿರುಗಿರ್ತೀನಿ... ಏನಿಲ್ಲ, ಚುಚ್ಚೋದು ನೋಡೋಕಾಗಲ್ಲ. ಚುಚ್ಚಿದಿರಾ? ಪೂರ್ತಿ? ಸರಿ.

ಎಸೀರಿ ಈಗ. ಹಿಂದೆ ನೋಡ್ಕೊಂಡು... ಟೋಪಿ! ನನ್ನ ಟೋಪಿ! ನೀರಿಗೆ ಎಸೀರಿ ಅಂದೆ, ನನ್ನ ತಲೆಗಲ್ಲ! ಬಿಡಿ, ನಾನೇ ಬಿಡಿಸ್ಕೋತೀನಿ. ಇನ್ನೊಂದು ಸಲ. ಹಾಂ... ಭೇಷ್! ಗುಂಡು ತಳ ಮುಟ್ಟೋವರೆಗೂ ಸುಮ್ಮನಿರಿ. ದಾರ ಸಡಿಲವಾಯ್ತಾ? ಈಗ ಕೋಲನ್ನ ಮೇಲಕ್ಕೆ ಎತ್ತಬೇಡಿ, ಪಕ್ಕಕ್ಕೆ ಎಳೀರಿ. ನಿಧಾನ. ಚರ್ಚಿನಲ್ಲಿ ನಿಮ್ಮ ಪ್ರಸಂಗದಷ್ಟು ನಿಧಾನ. ಮೆತ್ತಗೆ ಬರ್ತಿದ್ರೆ ಕೆಸರು. ಕಟಕಟ ಅಂತ ಬೆರಳಿಗೆ ತಾಗಿದ್ರೆ... ತಾಗಿತಾ? ಅದೇ ರಸ್ತೆ! ಅಣೆಕಟ್ಟು ಬಂದಾಗ ಮುಳುಗಿದ್ದು. ಹಾಯ್ಟನ ತಾತ ಅದರ ಮೇಲೆ ಹೇಸರಗತ್ತೆ ಗಾಡಿ ಹೊಡೀತಿದ್ದನಂತೆ. ಹಾಯ್ಟ್ ಹೇಳ್ತಾನೇ ಇದ್ದ, "ಓಪಲ್, ನನ್ನನ್ನ ಆ ಚರ್ಚಿನ ಹಿತ್ತಲಿಗೆ ಹಾಕಬೇಡ. ರಸ್ತೆಗೆ ಬಿಟ್ಟುಬಿಡು" ಅಂತ.

ಅಂತಿದ್ದ, ಅಷ್ಟೇ. ಕಾಯಿಲೆಯವರು ಏನೇನೋ ಅಂತಾರೆ. ನೀವು ದಾರ ನೋಡಿ.

ಬಂತು! ತಡೀರಿ... ತಡೀರಿ... ಈಗ! ಪಕ್ಕಕ್ಕೆ, ಜೋರಾಗಿ! ಕೂತ್ಕೊಳ್ಳಿ, ದೋಣಿ ಮಗುಚುತ್ತೆ! ನೀರಿನ ಮೇಲೆ ನಡೆಯೋದು ಓದಿದ್ದೀರಿ, ಕಲಿತಿಲ್ಲ! ಸುತ್ತಿ, ಸುತ್ತಿ... ಅಬ್ಬಬ್ಬಾ! ಎಂಥಾ ಬಾಯಿ ನೋಡಿ ಇದರದು! ಕೆಳದುಟಿ ಹಿಡೀರಿ, ಹೆದರಬೇಡಿ, ಕಚ್ಚೋದಿಲ್ಲ.

ಹಲ್ಲಿ ಹರಿದುಹೋಯ್ತಾ? ಕೊಡಿ ಇಲ್ಲಿ. ಕೊಡಿ ಅಂದೆ. ತರಿತರಿಯಾಗಿ ಉದುರ್ತಿರೋದಾ... ಅದು ಉಪ್ಪು. ಎರಕ ಹೊಯ್ಯುವಾಗ ಎಲ್ಲರೂ ಹಾಕ್ತಾರೆ, ರುಚಿ ಹತ್ತಿದ್ರೆ ಮೀನು ಬೇಗ ಉಗುಳೋದಿಲ್ಲ. ಬೂದಾಗಿದೆ, ಹೌದು, ಹಳೇ ಉಪ್ಪು... ಹಳೇ ಉಪ್ಪು ಬೂದಾಗುತ್ತೆ. ಬೆರಳು ಯಾಕೆ ಬಾಯಿ ಹತ್ತಿರ ಹೋಗ್ತಿದೆ? ನಂಬಿಕೆ ಇಲ್ವಾ? ಪಾದ್ರಿಗಳೇ, ಬೇಡ... ನೆಕ್ಕಬೇಡಿ! ಅಯ್ಯೋ ದೇವರೇ, ನೆಕ್ಕಬೇಡಿ, ಅದು ಹಾಯ್ಟ್!

...

ಪ್ಯಾಂಟಿಗೆ ಒರೆಸಬೇಡಿ. ದಮ್ಮಯ್ಯ. ಕೈಯನ್ನ ನೀರಿಗೆ ಇಳಿಸಿ. ಹಾಂ... ಹಾಗೆ. ಬೆರಳು ಬಿಡಿಸಿ. ಹೋಗಲಿ ಅವನು.

ಹಾಗೆ ನೋಡಬೇಡಿ ನನ್ನ. ಹಲ್ಲಿಗೆ ಬೆರೆಸೋ ಬದಲು ಬೂದಿಯನ್ನ ಹಾಗೇ ಚೆಲ್ಲಬಹುದಿತ್ತು, ಗೊತ್ತು. ಚೆಲ್ಲಿದೆ ಒಂದು ಹಿಡಿ. ಗಾಳಿ ತಿರುಗಿ ನನ್ನ ಮುಖಕ್ಕೇ ಹೊಡೀತು. ಮಿಕ್ಕದ್ದು ಪಾಚಿಯ ಹಾಗೆ ತೇಲ್ತಾ ಅಣೆಕಟ್ಟಿನ ಕಡೆ ಹೊರಟಿತು. ರಸ್ತೆ ಇರೋದು ತಳದಲ್ಲಿ! ಒಬ್ಬ ಮನುಷ್ಯನನ್ನ ತಳ ಮುಟ್ಟಿಸೋದಕ್ಕೆ ನನಗೆ ಗೊತ್ತಿರೋದು ಇದೊಂದೇ ದಾರಿ. ಮದುವೆಯಾದಾಗಿನಿಂದ ಅವನಿಗೆ ಹಲ್ಲಿ ಎರೆದು ಕೊಟ್ಟವಳು ನಾನು. ಒಂದು ದಿನವೂ ದೋಣಿಗೆ ಕರೀಲಿಲ್ಲ ಪುಣ್ಯಾತ್ಮ. ಈಗ ದಿನಾ ಬರ್ತೀನಿ. ಕೋಲು ಹಿಡಿದು ಕೂತರೆ, ತಳದಲ್ಲಿ ಅವನು ಬರ್ತಿರೋದು ಬೆರಳಿಗೆ ತಿಳಿಯುತ್ತೆ. ನಾನು ಎಳೆದ ಕಡೆ ಬರ್ತಾನೆ, ಪಾದ್ರಿಗಳೇ. ಬದುಕಿದ್ದಾಗ ಬಂದವನೇ ಅಲ್ಲ.

ಭರಣಿಯಲ್ಲಾ? ಭರಣಿಯಲ್ಲಿರೋದು ಹಂದಿ ಸುಟ್ಟ ಒಲೆಯ ಬೂದಿ. ಜರಡಿ ಹಿಡಿದೇ ತುಂಬಿದೆ... ಆದರೂ ಹಂದಿಯ ಒಂದು ದವಡೆಹಲ್ಲು ಒಳಗೆ ಬಿದ್ದ ಸದ್ದಾಯ್ತು. ಮೊಣಕೈವರೆಗೂ ಕೈ ಹಾಕಿ ಹುಡುಕಿದೆ, ಸಿಗಲಿಲ್ಲ. ಮುಚ್ಚಳ ತೆರೆದರೆ ವರ್ಡೆಲ್‌ಗೆ ಸಿಗುತ್ತೆ. ಅವಳ ಅದೃಷ್ಟವೇ ಅಂಥಾದ್ದು.

ಏನಾದರೂ ಹೇಳಿ. ಪಾಪ ಅನ್ನಿ, ನರಕ ಅನ್ನಿ, ಕೇಳ್ತೀನಿ. ಆ ಮೀನನ್ನ ಯಾಕೆ ಹಾಗೆ ದಿಟ್ಟಿಸ್ತಿದ್ದೀರಿ? ನುಂಗಿರುತ್ತೆ ಒಂದು ಚೂರು, ಹೌದು. ನುಂಗದೆ ಇರುತ್ತಾ... ಈಗ ನನ್ನ ಕಡೆ ಯಾಕೆ ನೋಡ್ತಿದ್ದೀರಿ?

ನಾನೇನೂ ಹೇಳಲಿಲ್ಲ.

ನೀವೂ ಏನೂ ಕೇಳಲಿಲ್ಲ, ಆದರೂ... ಹೌದು! ಹೌದು, ಬುಧವಾರ ಚರ್ಚಿನ ಊಟಕ್ಕೆ ನಾನು ಕರಿದು ತಂದ ಮೀನು ಇಲ್ಲಿಯದೇ! ಹಿಡಿದದ್ದನ್ನ ಬಿಸಾಡೋದಕ್ಕೆ ಮನಸ್ಸು ಬರಲಿಲ್ಲ, ಪಾದ್ರಿಗಳೇ. ಹೊಟ್ಟೆ ಸೀಳಿ ತೊಳೆದಿದ್ದೆ, ಮೂರು ನೀರಲ್ಲಿ! ನೀವು ಎರಡೇ ತುಂಡು ತಿಂದದ್ದು. ಹೊಟ್ಟೆ ಮೇಲಿಂದ ಕೈ ತೆಗೀರಿ, ಎರಡು ತುಂಡಿಗೆ ಏನಾಗುತ್ತೆ? ವರ್ಡೆಲ್ ನೋಡಿ, ತಟ್ಟೆ ತುಂಬ ಹಾಕಿಸ್ಕೊಂಡಳು, ಮುಗಿಸಿ ಮತ್ತೆ ಬಂದಳು, ಬೆರಳು ಚೀಪ್ತಾ "ಅತ್ತಿಗೇ, ಇದಕ್ಕೆ ಏನು ಹಾಕಿದ್ದೀರಿ?" ಅಂತ ಕೇಳಿದಳು.

ಅವಳ ಪಾಲು ಅವಳಿಗೆ ಸೇರಿ ಆಗಿದೆ, ಪಾದ್ರಿಗಳೇ. ನಾಳೆ ಮುಚ್ಚಳ ಯಾತಕ್ಕೆ ತೆಗೀಬೇಕು?