ಮೊಳೆಯ ದನಿ

ಜಾಕೊಪಾನೆಯಿಂದ ಹೊರಟ ಬೆಳಗಿನ ಬಸ್ಸಿನಲ್ಲಿ ಗ್ರಾಜಿನಾ ತೂಕಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕಬ್ಬಿಣ ಖಣಖಣ ಎಂದಾಗ ನಿದ್ದೆ ಹಾರಿಹೋಯಿತು. ಹಿಮ ಕೂತ ಬಂಡೆ ಹತ್ತಲು ಹೊರಟ ಒಬ್ಬ ಹುಡುಗಿ, ಅವಳ ಸೋದರಮಾವ, ಇಬ್ಬರ ಮಡಿಲ ತುಂಬ ಸಾಮಾನು.

"ಕಿಂಗಾ, ಬಿರುಕಿಗೆ ಸಿಕ್ಕಿಸೋ ಈ ಸ್ಪ್ರಿಂಗಿನ ಹಿಡಿಗಳನ್ನ ಯಾಕೆ ತಂದಿದೀಯ? ಬಿರುಕಿನೊಳಗೆಲ್ಲ ಮಂಜುಗಡ್ಡೆ. ಜಗ್ಗಿದ್ರೆ ಸೋಪಿನ ಥರ ಜಾರಿ ಬರ್ತವೆ."

"ಸುಲಭದ ದಾರಿ ಅಂದ್ಯಲ್ಲ, ಮಾವ?"

"ಸುಲಭ ಹತ್ತೋಕೆ ಕಣೇ, ಬೀಳೋಕಲ್ಲ. ಬಂಡೆಗೆ ಹೊಡೆದು ಹಗ್ಗ ಸಿಕ್ಕಿಸೋಕೆ ಎಂಟು ಮೊಳೆ ಸಾಕು."

"ಮೊಳೆ ಗಟ್ಟಿಯಾಗಿ ಕೂತಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಅದೇ ಹೇಳುತ್ತೆ. ಸುತ್ತಿಗೆ ಬಿದ್ದಂಗೆಲ್ಲ ದನಿ ಏರ್ತಾ ಹೋಗ್ಬೇಕು, ಟಿಣ್ ಟಿಣ್ ಅಂತ. ದಬ್ ಅಂತು ಅಂದ್ರೆ ಕಿತ್ತು ಬೇರೆ ಕಡೆ ಹೊಡಿ. ಮೂವತ್ತು ವರ್ಷದಿಂದ ಈ ಕಿವಿ ಮೋಸ ಮಾಡಿಲ್ಲ. ಮೊಳೆ ಹೊಡೀತಾ ಮುಂದೆ ನಾನು ಹತ್ತುತ್ತೀನಿ, ನೀನು ಕೆಳಗೆ ಹಗ್ಗ ಹಿಡಿ."

ಟಿಣ್ ಎಂದು ಬಸ್ಸಿನ ಬೆಲ್ ಆಯಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಗ್ರಾಜಿನಾಗೆ ಎರಡೂ ಸ್ಪಷ್ಟವಾಗಿ ಕೇಳಿಸಿದವು.

"ಸ್ಟಾಪ್ ಬಂತು, ಬೆಲ್ ಒತ್ತೇ. ಹಾಗೇನು ನೋಡ್ತಿದೀಯ?"

"ಎರಡು ಸಲ ಒತ್ತಿದೆ, ಮಾವ."

ಮಾವ ಸಾಮಾನನ್ನು ಚೀಲಕ್ಕೆ ತುಂಬತೊಡಗಿದ.

"ಯಾವಾಗಿಂದ ಹೀಗೆ?"

"ಬಸ್ಸಿನ ಗದ್ದಲ ಕಣೇ."

"ಮಾವ."

"ನಿಮ್ಮಮ್ಮನ ಹತ್ರ ಹೇಳ್ಬೇಡ."

ಬಾಗಿಲು ತೆರೆಯಿತು, ಇಬ್ಬರೂ ಇಳಿದರು. ಬಸ್ಸು ಹೊರಟಾಗ ಗ್ರಾಜಿನಾ ಕಿಟಕಿಯಿಂದ ತಿರುಗಿ ನೋಡಿದಳು. ಹಿಮದ ಮೇಲೆ ನಿಂತ ಹುಡುಗಿ ಸುತ್ತಿಗೆ ಕೊಡೆಂದು ಕೈ ಚಾಚಿದ್ದಳು. ಅವನು ಇನ್ನೂ ಅದನ್ನು ಸೊಂಟದಿಂದ ಬಿಚ್ಚಿರಲಿಲ್ಲ.