ಬೆನ್ನು ತಟ್ಟಿದ್ದು ಯಾರು

ನಮ್ಮ ಚಿಕ್ಕಮ್ಮನ ಮಗಳ ಕಣ್ಣೆದುರಿಗೇ ನಡೆದದ್ದು ಇದು. ದೀಪ ಇಟ್ಕೊಳ್ತೀರೋ ಆರಿಸ್ತೀರೋ, ನಿಮ್ಮಿಷ್ಟ... ಮಧ್ಯದಲ್ಲಿ ಯಾರೂ ಎದ್ದು ಹೋಗಬೇಡಿ, ಅಷ್ಟೇ.

ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯೋಳು. ಅಲ್ಲಿ ಎಲ್ಲರೂ ಅವಳನ್ನ ಕರೆಯೋದೇ ಕಾಲರ್ ಅಂತ. ಅವತ್ತು ಕೆಲಸ ಮುಗಿಸಿ ಬರೋ ಹೊತ್ತಿಗೆ ಕತ್ತಲಾಗಿತ್ತು. ಹಾಳು ಬಾವಿ ದಾಟಿದ್ರೆ ಮನೆ. ಕರ್ಕೊಂಡು ಹೋಗೋಕೆ ಬಂದಿದ್ದ ಗಂಡ ಬಾವಿಕಟ್ಟೆಯಿಂದ ಎದ್ದು, ಹಿಂದಿನಿಂದ ಬಂದು ಬೆನ್ನ ಮೇಲೆ ಕೈ ಇಟ್ಟ.

ಅವಳು ನಿಂತಲ್ಲೇ ನಿಂತಳು. ತಿರುಗಲಿಲ್ಲ.

"ನಾನು ಕಣೇ" ಅಂದ ಅವನು.

"ಮುಂದೆ ಬನ್ನಿ... ಮುಖ ನೋಡದೆ ನಾನು ಯಾರ ಹೆಸರೂ ಹೇಳಲ್ಲ."

ಅವನು ಮುಂದೆ ಬಂದು ನೋಡಿದ್ರೆ ಅವಳ ಮುಖ ಬಿಳಿಚಿಕೊಂಡು ಸುಣ್ಣ ಆಗಿತ್ತಂತೆ. ಮನೆಗೆ ಬಂದು ಬಾಗಿಲು ಹಾಕಿದ ಮೇಲೇ ಅವಳು ಬಾಯಿ ಬಿಟ್ಟಿದ್ದು.

ಅವರ ಕಾರ್ಖಾನೆಯಲ್ಲಿ ಊಟಕ್ಕೆ ಅರ್ಧ ಗಂಟೆ ಬಿಡುವು. ಡಬ್ಬಿ ಬಿಚ್ಚಿ ಗಬಗಬ ತಿಂದು, ಉಳಿದ ಹೊತ್ತಲ್ಲಿ ಹೆಂಗಸರೆಲ್ಲ ಏನಾದ್ರೂ ಆಟ ಆಡೋರು. ಬೆಳಗಿಂದ ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಡಿರುತ್ತಲ್ಲ. ಒಂದಿನ ಮುಷ್ಟಿಯಲ್ಲಿ ಗುಂಡಿ ಮುಚ್ಚಿಟ್ಟು ಸರಿನೋ ಬೆಸನೋ ಕೇಳೋದು, ಒಂದಿನ ಹಾಡಿನ ಕೊನೆ ಅಕ್ಷರ ಹಿಡಿದು ಇನ್ನೊಂದು ಹಾಡು ಹೇಳೋದು... ಆದ್ರೆ ಎಲ್ಲರಿಗೂ ಇಷ್ಟ, ಬೆನ್ನು ತಟ್ಟೋ ಆಟ. ಒಬ್ಬಳು ಕಂಬಕ್ಕೆ ಹಣೆ ಆನಿಸಿ ಕಣ್ಣು ಮುಚ್ಚಬೇಕು. ಉಳಿದವರಲ್ಲಿ ಯಾರೋ ಒಬ್ಬರು ಸದ್ದಿಲ್ಲದೆ ಬಂದು ಬೆನ್ನು ತಟ್ಟಿ ಹೋಗ್ತಾರೆ. ಯಾರು ಅಂತ ಸರಿಯಾಗಿ ಹೇಳಿದ್ರೆ, ತಟ್ಟಿದವಳು ಕಂಬಕ್ಕೆ. ತಪ್ಪಿದ್ರೆ ಮತ್ತೆ ನೀನೇ ನಿಲ್ಲಬೇಕು.

ಅದರಲ್ಲಿ ಗುಂಡಿಯಕ್ಕನ್ನ ಮೀರಿಸೋರಿಲ್ಲ. ಗುಂಡಿ ಹಾಕೋ ಮೆಷಿನ್ನಿನವಳು ಅವಳು. ಯಾರ ಕೈ ಬಿದ್ರೂ ತಟ್ಟನೆ ಹೇಳಿಬಿಡೋಳು. ಇನ್ನು ಅವಳು ತಟ್ಟಿದ್ರೆ ಕುರುಡರಿಗೂ ಗೊತ್ತಾಗೋದು. ಟಪ್ ಟಪ್... ಚೂರು ತಡೆದು, ಟಪ್.

ಅವಳು ಜ್ವರ ಅಂತ ಮಲಗಿದವಳು ಏಳಲೇ ಇಲ್ಲ, ತೀರ್ಕೊಂಡಳು. ಆಸ್ಪತ್ರೆಗೆ ನೋಡೋಕೆ ಹೋದಾಗ ಕಾಲರ್ ಕೈ ಹಿಡ್ಕೊಂಡು, "ಆಟ ನಿಲ್ಲಿಸ್ಬೇಡ್ರೇ" ಅಂದಿದ್ದಳಂತೆ. ಆದ್ರೆ ಆಡೋಕೆ ಯಾರಿಗೆ ಮನಸ್ಸು ಬರುತ್ತೆ? ಎಷ್ಟೋ ದಿನ ಊಟದ ಹೊತ್ತಲ್ಲಿ ಡಬ್ಬಿ ಮುಚ್ಚಳದ ಸದ್ದು ಬಿಟ್ರೆ ಬೇರೆ ಸದ್ದಿರಲಿಲ್ಲ.

ಅವತ್ತು ಮಧ್ಯಾಹ್ನ, ಬಟ್ಟೆ ಕತ್ತರಿಸೋ ಕಟಿಂಗ್ ಅಜ್ಜಿನೇ ಅಂದ್ರು, "ಎಷ್ಟು ದಿನ ಅಂತ ಹೀಗೆ ಮುಖ ಇಳಿಬಿಟ್ಕೊಂಡು ಕೂರ್ತೀರಾ? ಹೋಗೇ ಕಾಲರ್, ಮೊದಲು ನೀನೇ ನಿಂತ್ಕೋ."

ಕಾಲರ್ ಹೋಗಿ ಕಂಬಕ್ಕೆ ಹಣೆ ಇಟ್ಟಳು. ಕಣ್ಣು ಮುಚ್ಚಿದಳು. ಮೇಲೆ ಫ್ಯಾನು ಕಿರ್... ಕಿರ್... ಅಂತಿತ್ತು.

ಟಪ್ ಟಪ್... ಟಪ್.

"ಗುಂಡಿಯಕ್ಕ" ಅಂತ ಬಾಯಿ ತಾನಾಗೇ ಆಡಿಬಿಡ್ತು.

ತಿರುಗಿ ನೋಡಿದ್ರೆ ಎಲ್ಲರೂ ಮೇಜಿನ ಹತ್ರವೇ ಕೂತಿದ್ದಾರೆ.

"ತಮಾಷೆ ಸಾಕು. ಯಾರು ತಟ್ಟಿದ್ದು?"

"ನಾವಿನ್ನೂ ಯಾರೂ ಎದ್ದೇ ಇಲ್ಲ ಕಣೇ..." ಅಂದ್ರು ಅಜ್ಜಿ, ಪಿಸುಗುಟ್ಟೋ ಹಾಗೆ.

ಕಾಲರ್ ಕಂಬ ಬಿಟ್ಟು ದೂರ ಬಂದಳು. ಹೆಸರು ಸರಿಯಾಗಿದ್ರೆ ಈಗ ಕಂಬಕ್ಕೆ ಯಾರು? ಕಂಬದ ಹತ್ರ ಏನೂ ಕಾಣ್ತಿರಲಿಲ್ಲ. ಆದ್ರೆ ಕೇಳಿಸ್ತಿತ್ತು. ನಗು ತಡ್ಕೊಂಡು ಮೂಗಲ್ಲಿ ಬಿಡ್ತಾರಲ್ಲ, ಆ ಉಸಿರು. ಫುಸ್... ಫುಸ್...

ಯಾರಾದ್ರೂ ತಟ್ಟೋವರೆಗೂ ಗುಂಡಿಯಕ್ಕ ಅಲ್ಲೇ. ತಟ್ಟಿದ್ರೆ... ಅವಳು ಯಾವತ್ತಾದ್ರೂ ತಪ್ಪು ಹೇಳಿದ್ದುಂಟಾ?

ಅಷ್ಟರಲ್ಲಿ ಸೂಪರ್‌ವೈಜರ್ ಬಂದ್ರು. ವಯಸ್ಸಾದವರು, ಒಳ್ಳೆ ಮನುಷ್ಯ, ಹೆಂಗಸರನ್ನೆಲ್ಲ ಮನೆ ಮಕ್ಕಳ ಹಾಗೆ ನೋಡ್ಕೊಳ್ಳೋರು. ಅಜ್ಜಿ ನಡೆದದ್ದು ಹೇಳಿದ್ರು. ಅವರು ನಕ್ಕು, "ಪಾಪ, ಎಷ್ಟೊತ್ತು ಅಂತ ನಿಲ್ಲಿಸ್ತೀರಾ ಅವಳನ್ನ?" ಅಂತ ಕಂಬದ ಕಡೆ ನಡೆದ್ರು.

"ಬೇಡಿ ಸಾರ್..." ಕಾಲರ್ ಅವರ ತೋಳು ಹಿಡಿದಳು. ಅವರು ಬಿಡಿಸ್ಕೊಂಡು, ಗಾಳಿಯಲ್ಲೇ ಒಂದು ಸಲ ತಟ್ಟಿದ್ರು.

ಗಾಳಿಗೆ ತಟ್ಟಿದ್ರೆ ಸದ್ದು ಬರಬಾರದಲ್ವಾ? ಬಂತು. ಬಟ್ಟೆ ಮೇಲೆ ಕೈ ಬಿದ್ದ ಸದ್ದು... ಥಪ್.

"ಸೂಪರ್‌ವೈಜರ್ ಸಾರು" ಅಂತು ಗುಂಡಿಯಕ್ಕನ ದನಿ.

ಎಲ್ಲರಿಗೂ ಕೇಳಿಸ್ತು. ಅವರಿಗೂ. ಎತ್ತಿದ ಕೈ ಹಾಗೇ ನಿಂತಿತು. ಗಂಟೆ ಹೊಡೀತು, ಮೆಷಿನ್ನುಗಳು ಗರ್ ಅಂತ ಶುರುವಾದ್ವು. ಅವರು ಕೈ ಇಳಿಸಿ ಹೋದ್ರು.

ಅವಳು ಬಾವಿ ಹತ್ರ ಹೆದರಿ ನಿಂತಿದ್ದು ಆ ಸಂಜೆಯೇ. "ನಾಳೆಯಿಂದ ಹೋಗ್ಬೇಡ" ಅಂದ ಗಂಡ. ಮನೆ ನಡೀಬೇಕಲ್ಲ, ಹೋದಳು.

ಮಾರನೇ ದಿನ ಊಟದ ಹೊತ್ತಿಗೆ ಸೂಪರ್‌ವೈಜರ್ ಬಂದ್ರು. ಡಬ್ಬಿ ಬಿಚ್ಚಲಿಲ್ಲ. ನೇರ ಕಂಬದ ಹತ್ರ ಹೋಗಿ ಹಣೆ ಆನಿಸಿ ಕಣ್ಣು ಮುಚ್ಚಿದ್ರು.

"ಸಾರ್, ಊಟ ಮಾಡಿ ಬನ್ನಿ" ಅಂದಳು ಕಾಲರ್.

"ಬರೋಕಾಗ್ತಿಲ್ಲ ಕಣಮ್ಮ... ಕಾಲೇ ಏಳ್ತಿಲ್ಲ."

ಗಂಡಸರು ಬಂದು ಎಳೆದ್ರು. ಅಲುಗಾಡಲಿಲ್ಲ. ಬಿಡುವು ಮುಗಿದ ಗಂಟೆ ಹೊಡೆದ ಕೂಡಲೇ ತಾವಾಗೇ ತಿರುಗಿ, ಬೆವರು ಒರೆಸ್ಕೊಂಡು ಕೆಲಸಕ್ಕೆ ಹೋದ್ರು. ಮರುದಿನ ಮತ್ತೆ ಅದೇ. ಅದರ ಮರುದಿನವೂ.

ನೋಡಿ ನೋಡಿ ಕಾಲರಿಗೆ ತಡೆಯೋಕಾಗಲಿಲ್ಲ. ಹಿಂದೆ ಹೋಗಿ ನಿಂತಳು. "ಸಾರ್, ನಾನು ಕಾಲರ್. ತಟ್ಟೋದು ನಾನೇ. ಹಾಗೇ ಹೇಳಿ, ನೀವು ಹೋಗಿಬಿಡಿ. ಆಮೇಲೆ ನನಗೇನಾಗುತ್ತೋ ಆಗಲಿ."

ತಟ್ಟಿದಳು.

"ನೀನಲ್ಲಮ್ಮ."

"ನಾನೇ ಸಾರ್. ಕಾಲರ್ ಅಂತ ಒಂದು ಮಾತು ಅನ್ನಿ ಸಾಕು."

"ನಿನ್ನ ಕೈಗಿಂತ ಮುಂಚೆ ಇನ್ನೊಂದು ಕೈ ಬಿತ್ತು."

"ಗುಂಡಿಯಕ್ಕಂದಾ?"

"ಅಲ್ಲ... ಯಾರದೋ. ಗುರುತಿಲ್ಲದ ಕೈ." ಆಮೇಲೆ ಇನ್ನೂ ಮೆಲ್ಲಗೆ, "ಇಲ್ಲಿ ತುಂಬ ಜನ ಇದ್ದಾರೆ ಕಣಮ್ಮ" ಅಂದ್ರು.

ಅಜ್ಜಿ ತಟ್ಟಿದ್ರು. ತೋಳು ಹೊಲಿಯೋಳು ಅಳ್ತಾ ಅಳ್ತಾ ತಟ್ಟಿದಳು. ಎಲ್ಲರಿಗೂ ಅದೇ ಉತ್ತರ. ಇನ್ನೇನು ಮಾಡ್ತಾರೆ, ಹೇಳಿ? ಕಂಬ ಒಡೆಯೋಣ ಅಂದ್ರೆ ಚಾವಣಿ ನಿಂತಿರೋದೇ ಅದರ ಮೇಲೆ. ಕೊನೆಗೆ ಅವರನ್ನ ಕೆಲಸ ಬಿಡಿಸಿ ಮನೆಗೆ ಕಳಿಸಿದ್ರು. ಕಣ್ಣಿಗೆ ಬೀಳದಿದ್ರೆ ಎಲ್ಲ ಸರಿಹೋಗುತ್ತೆ ಅಂತ ಅಂದ್ಕೊಂಡ್ರೇನೋ.

ನಂಬ್ತೀರೋ ಬಿಡ್ತೀರೋ. ಹೋದ ತಿಂಗಳು ಕಾಲರ್ ಜೊತೆ ನಾನೇ ಅವರ ಮನೆಗೆ ಹೋಗಿದ್ದೆ. ಚೆನ್ನಾಗೇ ಮಾತಾಡಿಸಿದ್ರು. ನನ್ನ ಬೊಜ್ಜು ನೋಡಿ ನಗಾಡಿದ್ರು. ಊಟದ ಹೊತ್ತಾಯ್ತು. ಮಾತು ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಹೋದ್ರು. ಅವರನ್ನ ಬಿಟ್ರೆ ಮನೆಯಲ್ಲಿ ಇದ್ದಿದ್ದು ನಾವು ಮೂವರೇ, ನಾನು, ಕಾಲರ್, ಅವರ ಹೆಂಡತಿ. ಮೂವರೂ ಹೊರಗಿನ ಕೋಣೆಯಲ್ಲಿ ಕೂತಿದ್ವಿ.

ಒಳಗಿಂದ ಅವರ ದನಿ ಕೇಳಿಸ್ತು. ಒಂದು ಹೆಸರು ಹೇಳಿದ್ರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮತ್ತೊಂದು.

"ಯಾರ ಹೆಸರು ಅವು?" ಅಂದೆ.

"ಗೊತ್ತಿಲ್ಲಪ್ಪ, ದಿನಾ ಬೇರೆ ಬೇರೆ" ಅಂತ ಆಯಮ್ಮ ಸಾರು ಬಿಸಿ ಮಾಡೋಕೆ ಎದ್ರು.

ಪ್ರತಿ ಹೆಸರಾದ ಮೇಲೂ ಅವರು ಕಾಯ್ತಿದ್ರು. ಆಮೇಲೆ, "ಓ... ಇದೂ ತಪ್ಪಾ" ಅಂತಿದ್ರು. ಈ ಕಿವಿಯಲ್ಲೇ ಕೇಳಿದ್ದೀನಿ.