ಹಾಲೆ ಮರದ ಕಡೆಗೆ ಒಂದು ಈಡು

…ಅದಕ್ಕೇ ಹೇಳುವುದು, ಮೂಡುಮನೆ ಅಂದರೆ ಬೈಂದೂರಿನಿಂದ ಬಾರ್ಕೂರಿನವರೆಗೆ ಯಾರೂ ವಿಳಾಸ ಕೇಳುವುದಿಲ್ಲ. ನನ್ನ ಗಂಡನ ಅಜ್ಜ ಈ ಊರಿನ ಪಟೇಲರಾಗಿದ್ದವರು. ಬೇಲಿಯ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲ ಈ ಜಗಲಿಯಲ್ಲೇ ತೀರ್ಮಾನ ಆಗುತ್ತಿತ್ತು. ಉಳುವವನಿಗೇ ಭೂಮಿ ಅಂತ ಡಿಕ್ಲರೇಶನ್ ಕೊಟ್ಟ ಕಾಲದಲ್ಲಿ ಊರೆಲ್ಲ ಕೋರ್ಟಿಗೆ ಓಡಿತು. ನಾವು ಒಬ್ಬ ಒಕ್ಕಲಿನ ಮೇಲೂ ಕೇಸು ಹಾಕಲಿಲ್ಲ. ನಿನ್ನ ಮಾವ ತಿಮ್ಮನಿಗೆ ಕಡಲ ಬದಿಯಲ್ಲಿ ಮನೆ ಕಟ್ಟಲಿಕ್ಕೆ ಜಾಗ ಕೊಟ್ಟದ್ದು ಯಾರು? ಹೇಳಬೇಡ, ನಿನಗೆ ಗೊತ್ತಿದೆ. ನೂರು ವರ್ಷದಲ್ಲಿ ಈ ಮೆಟ್ಟಿಲಿಗೆ ಪೊಲೀಸಿನವನ ಬೂಟು ತಾಗಿರಲಿಲ್ಲ, ರತ್ನ. ಕಳೆದ ಗುರುವಾರ ತಾಗಿತು.

ನಿಂತುಕೊಂಡೇ ಎಂತಕ್ಕೆ ಕೇಳುತ್ತೀ? ಕೂತುಕೋ. ಮೀನಿನ ಬುಟ್ಟಿ ಇಲ್ಲದೆ ನೀನು ಇಲ್ಲಿಗೆ ಬಂದದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಮಾತಾಡಲಿಕ್ಕೇ ಬಂದಿದ್ದೀ ಅಂತ ಇಟ್ಟುಕೊಳ್ಳುತ್ತೇನೆ. ಆ ಟವೆಲು ತೆಗೆದುಕೋ, ತಲೆ ಒರೆಸಿಕೋ. ನೆಲಕ್ಕೆ ಹಾಕಬೇಡ. ಅಂಚಿನ ನೀಲಿ ಸರಪಳಿ ಹೊಲಿಗೆ ನನ್ನ ಕೈಯದ್ದು. ಕುಂದಾಪುರದ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು. ಮನೆಯ ಬಟ್ಟೆಗೆ ಮನೆಯ ಗುರುತು ಇರಬೇಕು ಅಂತ. ಈ ಮನೆಯಲ್ಲಿ ಆ ಹೊಲಿಗೆ ಇಲ್ಲದ ಒಂದು ಚಿಂದಿ ಸಿಕ್ಕುವುದಿಲ್ಲ ನಿನಗೆ.

ಕೋವಿಯನ್ನು ತೆಗೆದುಕೊಂಡು ಹೋದರು. ಗೊತ್ತಲ್ಲ? ನನ್ನ ಯಜಮಾನರು ತೀರಿಕೊಂಡ ಮೇಲೆ ಎಷ್ಟು ಕಚೇರಿ ಅಲೆದು ಅದನ್ನು ನನ್ನ ಹೆಸರಿಗೆ ಮಾಡಿಸಿದೆ ನಾನು. ಪ್ರತಿ ಚುನಾವಣೆಗೂ ಬೆಡ್‌ಶೀಟಿನಲ್ಲಿ ಸುತ್ತಿ, ರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಠಾಣೆಗೆ ಒಪ್ಪಿಸಿ, ರಸೀದಿ ತಂದಿದ್ದೇನೆ. ಒಂದು ದಿನ ತಡ ಮಾಡಿದವಳಲ್ಲ. ಲೈಸನ್ಸ್ ಇಲ್ಲದ ನಾಡಕೋವಿ ಹಿಡಿದುಕೊಂಡು ಕೊಲ್ಲೂರಿನ ಕಾಡಿಗೆ ಹೋಗುವವರನ್ನು ಯಾರೂ ಕೇಳುವುದಿಲ್ಲ. ಕಾನೂನು ಪಾಲಿಸಿದವರನ್ನೇ ಕಾನೂನು ಹುಡುಕಿಕೊಂಡು ಬರುತ್ತದೆ. ಕೋವಿ ಕಪಾಟಿನಲ್ಲಿ, ತೋಟೆ ಬೇರೆ ಪೆಟ್ಟಿಗೆಯಲ್ಲಿ, ಎರಡಕ್ಕೂ ಬೀಗ. ನನ್ನ ಕ್ರಮ ಹಾಗೆ.

ಎಂತಕ್ಕೆ ನಗುತ್ತೀ?

ಬಾಗಿಲ ಹಿಂದೆ ಇದ್ದದ್ದನ್ನು ನೀನು ಕಂಡಿದ್ದೀಯಾ… ಸರಿ. ಒಂದು ತಿಂಗಳಿಂದ ಬಾಗಿಲ ಹಿಂದೆಯೇ ಇತ್ತು. ಒಂದು ತಿಂಗಳು ಮಾತ್ರ. ಹೆದ್ದಾರಿಯ ಬದಿಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದ ಮೇಲೆ. ಪ್ರೇಮಾನಂದ ಮಾಸ್ಟ್ರ ಹೆಂಡತಿಯ ಕರಿಮಣಿಯನ್ನು ಕುತ್ತಿಗೆಯಿಂದಲೇ ಎಳೆದರು. ಪೊಲೀಸರು ಬಂದದ್ದು ಒಂದೂವರೆ ಗಂಟೆ ಕಳೆದು. ಆ ಒಂದೂವರೆ ಗಂಟೆ ನಾನು ಎಂತ ಮಾಡಬೇಕು, ಕಳ್ಳನಿಗೆ ಕಾಫಿ ಕೊಡಬೇಕಾ?

ನನ್ನ ಸೊಸೆ ಸೌಮ್ಯಶ್ರೀಯೂ ನಿನ್ನ ಹಾಗೆಯೇ ನಗುತ್ತಾಳೆ. ಬ್ಯಾಂಕಿನಲ್ಲಿ ಇರುವವಳಲ್ಲವಾ, ಅಲ್ಲಿ ಬಾಗಿಲಲ್ಲೇ ಕೋವಿಯವ ನಿಂತಿರುತ್ತಾನೆ. ಮನೆಗೆ ಬಂದು ನನಗೆ ಹೇಳುತ್ತಾಳೆ, "ಅತ್ತೆ, ಕೋವಿ ಇಪ್ಪ ಮನಿಗೇ ಹೆದ್ರಿಕಿ ಜಾಸ್ತಿ." ಡೈರಿಯಲ್ಲಿ ಹಾಲು ಅಳೆಯುವ ಸುಧಾಕರ ಇನ್ನೂ ಮೇಲೆ. ಎಲ್ಲರ ಲೈಸನ್ಸನ್ನೂ ರದ್ದು ಮಾಡಬೇಕು ಅಂತ ಊರಿಗೆಲ್ಲ ಭಾಷಣ ಮಾಡುತ್ತಿದ್ದಾನಂತೆ. ಹೋದ ವರ್ಷ ಕಾಡುಹಂದಿ ಅವನ ಗೆಣಸಿನ ಸಾಲು ಮಗುಚಿ ಹಾಕಿದಾಗ ಓಡಿ ಬಂದದ್ದು ಯಾರ ಮನೆಗೆ? ಆಗ ಕೋವಿ ಬೇಕಿತ್ತು. ಎಸ್‌ಐ ಅಂತೂ, ಮೀಸೆ ಸರಿಯಾಗಿ ಮೂಡದ ಹುಡುಗ, ಈ ಕುರ್ಚಿಯಲ್ಲೇ ಕೂತು ಕೇಳಿದ: "ಲೈಸನ್ಸಿನಲ್ಲಿ ಬೆಳೆ ರಕ್ಷಣೆಗೆ ಅಂತ ಇದೆಯಲ್ಲ ಮೇಡಂ, ನಿಮ್ಮ ಹಿತ್ತಿಲ ಬಾಗಿಲಲ್ಲಿ ಯಾವ ಬೆಳೆ ಇತ್ತು?" ನಾನು ಹೇಳಿದೆ, ಹಂದಿ ಗದ್ದೆಗೆ ಬಂದರೆ ಹೊಡೆಯಬಹುದು, ಮನುಷ್ಯ ಕುತ್ತಿಗೆಗೆ ಬಂದರೆ ಹೊಡೆಯಬಾರದು ಅಂತಾದರೆ, ಆ ಕಾಯ್ದೆ ಬರೆದವನಿಗೆ ಗೆಣಸಿನ ಮೇಲೆ ನನಗಿಂತ ಪ್ರೀತಿ ಜಾಸ್ತಿ. ಬರೆದುಕೊಳ್ಳಲಿಲ್ಲ ಅವನು. ಅದೊಂದನ್ನು ಬರೆದುಕೊಳ್ಳಲಿಲ್ಲ.

ನಾನು ಹೇಳಿದ್ದನ್ನು ಬರೆದುಕೊಳ್ಳದವನು ನೀನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದಾನೆ. ಅದರ ವಿಷಯಕ್ಕೇ ಬರುತ್ತಿದ್ದೇನೆ. ತಾಳ್ಮೆ ಇರಲಿ.

ಗುರುವಾರ ಬೆಳಿಗ್ಗೆ ಇನ್ನೂ ಬೆಳಕು ಹರಿದಿರಲಿಲ್ಲ. ಎಚ್ಚರ ಆಯಿತು. ಟಕ್… ಟಕ್… ಟಕ್. ಕಲ್ಲಿನಿಂದ ಕುಟ್ಟುವ ಸದ್ದು. ಹಿತ್ತಿಲ ಬಾಗಿಲ ಚಿಲಕ ಒಡೆಯುತ್ತಿದ್ದಾರೆ ಅಂತಲೇ ತಿಳಿದೆ. "ಯಾರದು?" ಅಂತ ಮೂರು ಸಲ ಕೇಳಿದೆ. ಉತ್ತರ ಇಲ್ಲ. ಸದ್ದು ನಿಂತಿತು, ಉತ್ತರ ಮಾತ್ರ ಇಲ್ಲ. ಕಿಟಕಿಯಿಂದ ಒಂದು ಈಡು ಬಿಟ್ಟೆ. ನೆಲದ ಕಡೆಗೆ ಬಿಟ್ಟದ್ದು, ಕೇಳಿದೆಯಾ? ನಿನ್ನ ಗಂಡ ಬಾವಿಯ ಹತ್ತಿರ ಆ ಹಾಲೆ ಮರದ ಬುಡದಲ್ಲಿ ಮೊಣಕಾಲೂರಿ ಕೂತಿದ್ದರೆ ಅದು ನನಗೆ ಕತ್ತಲಲ್ಲಿ ಕಾಣುತ್ತದಾ? "ಅಮಾ, ನಾ ಸೂರ" ಅಂತ ಒಂದು ಮಾತು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಪ್ರಾಮಾಣಿಕ ಮನುಷ್ಯನಿಗೆ ಬಾಯಿ ಇರುತ್ತದೆ.

ಹಾಗೆ ಕಾಣಬೇಡ ನನ್ನನ್ನು.

ಗೊತ್ತಿದೆ. ಆಷಾಢ ಅಮಾವಾಸ್ಯೆಯ ದಿನ ಹಾಲೆ ಕೆತ್ತೆಗೆ ಹೋದವರು ಮಾತಾಡಬಾರದು. ನನಗೆ ನೀನು ಕಲಿಸಬೇಕಾ? ಸೂರ್ಯ ಹುಟ್ಟುವ ಮೊದಲು ಹೋಗಬೇಕು, ದೀಪ ಹಿಡಿಯಬಾರದು, ಕತ್ತಿ ಮುಟ್ಟಿಸಬಾರದು, ಕಲ್ಲಿನಿಂದಲೇ ಕುಟ್ಟಿ ತೊಗಟೆ ಎಬ್ಬಿಸಬೇಕು. ಯಾರು ಕರೆದರೂ ಓ ಅನ್ನಬಾರದು. ಹಾಗೆ ತಂದ ಕೆತ್ತೆಯ ಕಷಾಯವನ್ನು ಬರೀ ಹೊಟ್ಟೆಯಲ್ಲಿ ಕುಡಿದರೆ ಮಳೆಗಾಲದ ಒಂದು ಕಾಯಿಲೆಯೂ ಹತ್ತಿರ ಬರುವುದಿಲ್ಲ. ಎಂಟು ವರ್ಷದ ಹಿಂದೆ ಅವನು ಟಾರ್ಚು ಹಿಡಿದುಕೊಂಡು, ಹಾಡು ಗುನುಗುತ್ತಾ ಬಂದಿದ್ದ. ಆ ಕೆತ್ತೆಯನ್ನು ತೋಡಿಗೆ ಬಿಸಾಡಿಸಿ ಬೈದಿದ್ದೆ. ಹೌದು, ನಾನೇ ಹೇಳಿದ್ದು. "ಪದ್ಧತಿ ಅಂದರೆ ಪದ್ಧತಿ, ಸೂರ. ಯಮ ಕರೆದರೂ ಬಾಯಿ ಬಿಡಬೇಡ." ಆಮೇಲೆ ಒಂದು ವರ್ಷವೂ ಅವನು ತಪ್ಪಲಿಲ್ಲ. ಅದನ್ನು ನಾನು ಒಪ್ಪುತ್ತೇನೆ.

ಆದರೆ ಈ ವರ್ಷ ಬಾ ಅಂತ ನಾನು ಹೇಳಲಿಲ್ಲ. ಠಾಣೆಯಲ್ಲಿ ಅದನ್ನೇ ಬರೆಸಿದ್ದೇನೆ. ಕರೆಯದೆ ಬಂದವನು, ಕೇಳಿದರೆ ಉತ್ತರ ಕೊಡದವನು. ನೀನು ಬರೆಸಿದ್ದೆಂತ? "ಅಮ್ಮ ಬಪ್ಪುಕೆ ಹೇಳಿದ್ರ್, ಹಾಂಗಾಯಿ ಹೋದ್ದ್." ಆ ಒಂದು ಮಾತಿಗೆ ನಾನು ಏನಾದೆ ಗೊತ್ತಾ? ಕರೆದವನ ಮೇಲೆಯೇ ಈಡು ಬಿಟ್ಟ ಹೆಂಗಸಾದೆ. ಆ ಮೀಸೆ ಬಾರದ ಹುಡುಗ ನನ್ನನ್ನು ಕೇಳುತ್ತಾನೆ, "ಮೇಡಂ, ನಿಮಗೆ ಇತ್ತೀಚೆಗೆ ಮರೆವು ಏನಾದರೂ…?" ನನ್ನನ್ನು. ನಿನಗೆ ಯಾವ ದಿನ ಎಷ್ಟು ಬಂಗುಡೆ ಹೇಳಿದ್ದೆ ಅಂತ ಹೋದ ಚೌತಿಯಿಂದ ಹೇಳಬಲ್ಲೆ ನಾನು.

ಆ ಬೆಳಗ್ಗೆಯದ್ದೂ ಎಲ್ಲ ನೆನಪಿದೆ. ಕೋವಿ ತೆಗೆದುಕೊಂಡು ಅಡಿಗೆ ಕೋಣೆಗೆ ಹೋದೆ. ಕತ್ತಲಲ್ಲಿ ಕಾಲಿಗೆ ಬಟ್ಟಲು ತಾಗಿ, ಸುಲಿದಿಟ್ಟ ಬೆಳ್ಳುಳ್ಳಿಯೆಲ್ಲ ನೆಲದ ಮೇಲೆ ಚೆಲ್ಲಿ…

ಎಂತ? ಮುಖ ಎತ್ತಿದ್ದು ಎಂತಕ್ಕೆ?

ಮನೆಯಲ್ಲಿ ಬೆಳ್ಳುಳ್ಳಿ ಇರಬಾರದಾ? ಓಮ, ಕಾಳುಮೆಣಸು ಇರಬಾರದಾ? ಕಷಾಯಕ್ಕೆ ಹಾಕುವ ಅದನ್ನೆಲ್ಲ ಹಿಂದಿನ ದಿನವೇ ತಯಾರು ಮಾಡಿ ಇಡುವುದು. ಪ್ರತಿ ವರ್ಷ ಇಡುವುದು. ಕೆತ್ತೆ ಯಾರು ತರುತ್ತಾರೆ ಅನ್ನುವುದು ಬೇರೆ ಪ್ರಶ್ನೆ. ಯಾರಾದರೂ ತರುತ್ತಾರೆ.

ಕೇಳು, ರತ್ನ. ನಾನು ಕಟುಕಿಯಲ್ಲ. ಅವನ ತೊಡೆಯಲ್ಲಿ ತೋಟೆಯ ಏಳು ಚರೆ ಇತ್ತು, ಎರಡು ಇನ್ನೂ ಒಳಗೇ ಇದೆ ಅಂತ ಸೌಮ್ಯಶ್ರೀ ಹೇಳಿದಳು. ಕುಂದಾಪುರದ ಆಸ್ಪತ್ರೆಗೆ ಅವಳೇ ಕಾರಿನಲ್ಲಿ ಕರೆದುಕೊಂಡು ಹೋದದ್ದಲ್ಲವಾ. ಇನ್ನೊಂದು ವಾರಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ, ಅವನಿಗೆ ಇಳಿಯಲಿಕ್ಕೆ ಆಗುವುದಿಲ್ಲ. ಅದೂ ಗೊತ್ತಿದೆ. ಹಾಗಾಗಿ ಸರಳವಾಗಿ ಹೇಳುತ್ತೇನೆ. ನಾಳೆ ನೀನು ಠಾಣೆಗೆ ಹೋಗಿ, ಅಮ್ಮ ಕರೆದಿರಲಿಲ್ಲ, ಅವರೇ ಹೋದದ್ದು ಅಂತ ಹೇಳು. ನಾನು ಅವನ ಮೇಲೆ ಕಳ್ಳತನದ ಮಾತು ಎತ್ತುವುದಿಲ್ಲ. ಹೇಳದಿದ್ದರೆ, ಕತ್ತಲಲ್ಲಿ ಒಬ್ಬರ ಹಿತ್ತಿಲಿಗೆ ಕರೆಯದೆ ಬಂದವನಿಗೆ ಕಾಯ್ದೆಯಲ್ಲಿ ಒಂದೇ ಹೆಸರು ಇರುವುದು. ಮೊದಲು ನನ್ನ ಹತ್ತಿರ ತಪ್ಪಾಯಿತು ಅನ್ನು. ಉಳಿದದ್ದು ಆಮೇಲೆ.

ಸೆರಗಿನ ಗಂಟಿನಲ್ಲಿ ಎಂತ ಅದು?

ಬಿಚ್ಚು. ಅಡಗಿಸುವುದು ಬೇಡ. ಇಲ್ಲಿ ಇಡು, ಬೆಳಕಿಗೆ…

ಇದು… ಇದು ಎಲ್ಲಿ ಸಿಕ್ಕಿತು ನಿನಗೆ? ಆಸ್ಪತ್ರೆಯಲ್ಲಾ? ಅವನ ಮುಷ್ಟಿಯಲ್ಲಿ ಇತ್ತಾ? ಹೌದು, ಗುರುತಿನ ಬಟ್ಟೆಯನ್ನು ಮರದಿಂದ ಬಿಚ್ಚಿ ಕೆತ್ತೆಯ ಜೊತೆಗೆ ತರಬೇಕು, ಅದೂ ಪದ್ಧತಿಯೇ. ಈ ಕಂದಿದ ಕಲೆ ಹಾಲೆಯ ಹಾಲು. ಈ ಕಡೆಯ ಕೆಂಪು ಹಾಲಲ್ಲ. ನೀಲಿ ಹೊಲಿಗೆ… ಹಳೇ ದಿಂಬಿನ ಚೀಲದ ಅಂಚು, ಅಷ್ಟೇ. ಹರಿದ ಬಟ್ಟೆ, ಗಾಳಿಗೆ ಹಾರಿ ಹೋಗಿರಬಹುದು.

ಗಾಳಿ ಗಂಟು ಹಾಕುವುದಿಲ್ಲ. ಸರಿ.

ಆ ಮರದ ಪಕ್ಕದಲ್ಲೇ ಕಾಸರಕನ ಮರ ಇದೆ, ರತ್ನ. ಕತ್ತಲಲ್ಲಿ ಎರಡೂ ಒಂದೇ ಹಾಗೆ. ತಪ್ಪಿ ಅದರ ಕೆತ್ತೆ ಕುಡಿದವರು ಉಳಿಯುವುದಿಲ್ಲ. ಅದಕ್ಕೇ ಹಿಂದಿನ ಸಂಜೆ ಸರಿಯಾದ ಮರಕ್ಕೆ ಗುರುತು ಕಟ್ಟಿ ಇಡಬೇಕು. ಮಳೆ ಬರುತ್ತಿದ್ದರೂ ಕೊಡೆ ಹಿಡಿದುಕೊಂಡು ಹೋಗಿ, ಕೈಗೆ ತಾಗುವಷ್ಟು ಎತ್ತರದಲ್ಲಿ, ಎರಡು ಗಂಟು ಹಾಕಿ… ಬರುವವನಿಗೆ ಮೋಸ ಆಗಬಾರದು ಅಂತ. ಅಂದರೆ, ಕಟ್ಟುವವರು ಹಾಗೆ ಕಟ್ಟುತ್ತಾರೆ.

ಏನಾದರೂ ಮಾತಾಡು. ಅವನ ಹಾಗೆ ನೀನೂ ಬಾಯಿ ಬಿಡಬಾರದು ಅಂತ ವ್ರತ ಹಿಡಿದಿದ್ದೀಯಾ? ಇವತ್ತು ಅಮಾವಾಸ್ಯೆ ಅಲ್ಲ.

ಮರೆತೆ ಅಂತ ನನ್ನ ಬಾಯಲ್ಲಿ ಬರಬೇಕಾ ನಿನಗೆ? ಬರುವುದಿಲ್ಲ. ಮೂಡುಮನೆಯ ಗಿರಿಜಾ ಹೆಗ್ಡೆ ಸಂಜೆ ಕಟ್ಟಿದ್ದನ್ನು ಬೆಳಿಗ್ಗೆಗೆ ಮರೆಯುವವಳಲ್ಲ. ಹೆದರುವವಳೂ ಅಲ್ಲ. ಆ ಸದ್ದಿಗೆ ಎದ್ದು ಕೂತಾಗ ಮಾಸ್ಟ್ರ ಹೆಂಡತಿಯ ಕುತ್ತಿಗೆಯ ಗಾಯ ಒಂದೇ ಕಣ್ಣ ಮುಂದೆ ಇದ್ದದ್ದು, ಬೇರೆ ಯಾವುದೂ…

ಏಳಬೇಡ. ಟವೆಲು ಮಡಚಿ ಇಟ್ಟದ್ದು ಕಂಡೆ, ಆದರೂ ಏಳಬೇಡ. ಆ ಪಟ್ಟಿ ಅಲ್ಲೇ ಇರಲಿ, ನಾನು ಅದನ್ನು ಮುಟ್ಟುವುದಿಲ್ಲ. ಈ ಜಗಲಿಯಲ್ಲಿ ಇಷ್ಟು ವರ್ಷ ತೀರ್ಮಾನ ಹೇಳಿದ್ದು ನಾವು.

ಕ್ಷಮೆ ಕೇಳು, ರತ್ನ.